ವಜ್ರಾಕೃತಿಯ ಕೋನ 60 ಯಾಕಲ್ಲ, 80 ಹೇಗೆ?

ನೀವು ಕೇಳಿದ ಲೆಕ್ಕ: ಎಬಿಸಿಡಿ ವಜ್ರಾಕೃತಿ. ಬಿಸಿ ಬಾಹುವಿನ ಮೇಲೆ ಇ, ಸಿಡಿ ಮೇಲೆ ಎಫ್. ತ್ರಿಭುಜ ಎಇಎಫ್ ಸಮಬಾಹು, ಅದರ ಬಾಹುವೂ ವಜ್ರಾಕೃತಿಯ ಬಾಹುವೂ ಒಂದೇ ಅಳತೆ. ಕೋನ ಬಿ ಎಷ್ಟು? ಮಗಳಿಗೆ 60° ಬಂದಿದೆ, ಉತ್ತರ 80°.

80° ಸರಿ. ಶಾಲೆಯಲ್ಲಿ ಕನ್ನಡ, ಟ್ಯೂಷನ್ ಮಲಯಾಳದಲ್ಲಿ ಅಂದಿರಲ್ಲ, ನನ್ನ ಅನುಮಾನ ಅಲ್ಲೇ. ಮಲಯಾಳದಲ್ಲಿ ಸಮಬಾಹು ತ್ರಿಭುಜ ‘ಸಮಭುಜ ತ್ರಿಕೋಣಂ’, ವಜ್ರಾಕೃತಿ ‘ಸಮಭುಜ ಸಾಮಾಂತರಿಕಂ’. ‘ಸಮಭುಜ’ ಕಿವಿಗೆ ಬಿದ್ದ ಕೂಡಲೇ ಕೈ 60 ಬರೆದುಬಿಡುತ್ತದೆ. ಒಂದೇ ಉದ್ದದ ನಾಲ್ಕು ಹಿಡಿಸೂಡಿ ಕಡ್ಡಿಗಳ ತುದಿಗಳನ್ನು ನೂಲಿನಲ್ಲಿ ಕಟ್ಟಿ, ಮೂಲೆ ಹಿಡಿದು ಒತ್ತಲು ಹೇಳಿ. ಬಾಹು ಅಷ್ಟೇ ಇರುತ್ತದೆ, ಕೋನ ಮಾತ್ರ ಬದಲಾಗುತ್ತಾ ಹೋಗುತ್ತದೆ. ಮೂರೇ ಕಡ್ಡಿ ಕಟ್ಟಿದರೆ ಮಿಸುಕುವುದಿಲ್ಲ. ಅದಕ್ಕೇ ವಜ್ರಾಕೃತಿಯಲ್ಲಿ ಕೋನ ಬೇಕಾದರೆ ಒಳಗೆ ತ್ರಿಭುಜ ಹುಡುಕಬೇಕು, ಅದೂ ಎರಡು ಬಾಹು ಸಮ ಇರುವಂಥದ್ದು.

ಇಲ್ಲಿ ಅದು ಎಬಿಇ. ಎಬಿ = ಎಇ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ, ‘ಒಂದೇ ಅಳತೆ’ ಎಂಬ ಮಾತಿನಲ್ಲಿ ಅಡಗಿದೆ. ಮೊದಲು ಎಬಿ, ಬಿಸಿ, ಸಿಡಿ, ಡಿಎ, ಎಇ, ಇಎಫ್, ಎಎಫ್ ಏಳರ ಮೇಲೂ ಪೆನ್ಸಿಲಿನಿಂದ ಒಂದೊಂದು ಗೀಟು ಹಾಕಲಿ. ಅರ್ಧ ಲೆಕ್ಕ ಅಲ್ಲಿಗೇ ಮುಗಿಯಿತು.

ಕೋನ ಬಿ = ಕ ಎಂದಿರಲಿ. ಎಬಿ = ಎಇ ಆದ್ದರಿಂದ ಕೋನ ಎಇಬಿ ಕೂಡ ಕ, ಹಾಗಾಗಿ ಕೋನ ಬಿಎಇ = 180 − 2ಕ. ಎದುರು ಕೋನ ಡಿ ಸಹ ಕ, ಆದ್ದರಿಂದ ಕೋನ ಡಿಎಎಫ್ ಕೂಡ 180 − 2ಕ. ನಡುವೆ 60. ಈ ಮೂರೂ ಸೇರಿ ಕೋನ ಎ. ಅದು ಬಿ ಪಕ್ಕದ ಕೋನ, ಅಂದರೆ 180 − ಕ.

(180 − 2ಕ) + 60 + (180 − 2ಕ) = 180 − ಕ
3ಕ = 240, ಕ = 80.

ತಾಳೆ ನೋಡಲು ಇ ಬಿಂದುವಿಗೆ ಬನ್ನಿ: 80 + 60 ಹೋಗಿ ಕೋನ ಸಿಇಎಫ್‌ಗೆ 40 ಉಳಿಯುತ್ತದೆ. ಎಫ್‌ನಲ್ಲೂ ಹಾಗೇ 40. ಸಿ 100. ಮೊತ್ತ 180.

ಇನ್ನೊಂದು ತಪ್ಪು, ಇ ಮತ್ತು ಎಫ್ ಮಧ್ಯಬಿಂದು ಎಂದು ತಿಳಿಯುವುದು. ಬಾಹು 10 ಸೆಂ.ಮೀ. ಇಟ್ಟು ಕೋನಮಾಪಕದಿಂದ ಬಿಡಿಸಿದರೆ ಬಿಇ ಸುಮಾರು 3.5 ಸೆಂ.ಮೀ. ಬರುತ್ತದೆ, 5 ಅಲ್ಲ. ಕರ್ಣಗಳು 90°ಯಲ್ಲಿ ಛೇದಿಸುತ್ತವೆ ಎಂಬ ನಿಯಮ ಇಲ್ಲಿ ಬೇಡ. ಕರ್ಣ ಕೊಟ್ಟ ಲೆಕ್ಕಕ್ಕೆ ಇರಲಿ.

ಮಗಳು ಇನ್ನೂ 60 ಅಂತ ಹಟ ಹಿಡಿದರೆ ಅದನ್ನೇ ಹಾಕಿ ಬಿಡಿಸಲಿ. ಆಗ ಎಬಿಇ ಸಮಬಾಹು, ಬಿಇ = ಬಿಸಿ, ಇ ಹೋಗಿ ಸಿ ಮೇಲೆ ಕೂರುತ್ತದೆ. ಎಫ್ ಕೂಡ ಅಲ್ಲೇ. ತ್ರಿಭುಜವೇ ಉಳಿಯುವುದಿಲ್ಲ.