ಹೊಟ್ಟೆಯ ಡಯಾಲಿಸಿಸ್‌ಗೆ ಬೇರೆ ಕೋಣೆ ಬೇಕೇ?

ಪ್ರಶ್ನೆ: ನನ್ನ ಪತಿಗೆ 58 ವರ್ಷ. ವಾರಕ್ಕೆ ಮೂರು ಸಲ ಶಿವಮೊಗ್ಗಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುವುದು ಕಷ್ಟವಾದ್ದರಿಂದ, ಎರಡು ತಿಂಗಳಿನಿಂದ ಮನೆಯಲ್ಲೇ ಪೆರಿಟೋನಿಯಲ್ ಡಯಾಲಿಸಿಸ್ (ನಳಿಕೆಯ ಮೂಲಕ ಹೊಟ್ಟೆಯೊಳಗೆ ದ್ರವ ತುಂಬಿ, ರಕ್ತದ ಕಲ್ಮಶದೊಡನೆ ಅದನ್ನು ಹೊರತೆಗೆಯುವ ವಿಧಾನ) ನಡೆದಿದೆ. ದಿನಕ್ಕೆ ಮೂರು ಸಲ ಎರಡು ಲೀಟರ್ ದ್ರವದ ಚೀಲ ಬದಲಿಸುತ್ತೇವೆ. ನಮ್ಮದು ಹಳೆಯ ಮನೆ, ಅಡಿಕೆ ಸುಲಿಯುವ ಕಾಲದಲ್ಲಿ ದೂಳು ತಪ್ಪದು. ಬೇರೆ ಕೋಣೆ ಕಟ್ಟಿಸಬೇಕೇ? ಈಚೆಗೆ ದ್ರವ ಹೊರಬರುವುದೂ ನಿಧಾನವಾಗಿದೆ.
— ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕೋಣೆ ಕಟ್ಟಿಸುವ ಖರ್ಚು ಖಂಡಿತ ಬೇಡ. ಅಡಿಕೆ ರಾಶಿ ಬೀಳುವ ಜಾಗದಿಂದ ದೂರವಿರುವ, ನಿತ್ಯ ಒದ್ದೆಬಟ್ಟೆಯಲ್ಲಿ ಒರೆಸುವ, ಚೀಲ ಬದಲಿಸುವ ಅರ್ಧ ಮುಕ್ಕಾಲು ಗಂಟೆ ಬಾಗಿಲು ಕಿಟಕಿ ಮುಚ್ಚಿ ಫ್ಯಾನ್ ನಿಲ್ಲಿಸಬಹುದಾದ ಒಂದು ಒಳಕೋಣೆಯಿದ್ದರೆ ಸಾಕು. ಬೆಕ್ಕು ಒಳಗೆ ಸುಳಿಯದಂತೆ ನೋಡಿಕೊಳ್ಳಿ. ಸೋಂಕಿನ ಅಪಾಯ ಹೆಚ್ಚಿರುವುದು ನಳಿಕೆಯ ಮುಚ್ಚಳ ತೆಗೆದು ಹೊಸ ಚೀಲಕ್ಕೆ ಜೋಡಿಸುವ ಕೆಲವೇ ಕ್ಷಣಗಳಲ್ಲಿ. ಆದ್ದರಿಂದ ನೀವು ಬಳೆ, ಉಂಗುರ ತೆಗೆದಿಟ್ಟು, ಬೆರಳ ಸಂದುಗಳವರೆಗೂ ಸೋಪು ಹಚ್ಚಿ ತೊಳೆದು, ಕೈಯನ್ನು ಪೂರ್ತಿ ಒಣಗಿಸಿಕೊಳ್ಳಬೇಕು. ಇಬ್ಬರೂ ಮಾಸ್ಕ್ ಧರಿಸಬೇಕು. ಜೋಡಣೆಯ ತುದಿಗೆ ಬೆರಳು ತಾಗಿಬಿಟ್ಟರೆ ಅದನ್ನು ಒರೆಸಿ ಮುಂದುವರಿಸದೆ, ಕ್ಲ್ಯಾಂಪ್ ಹಾಕಿ ನಿಮ್ಮ ಡಯಾಲಿಸಿಸ್ ನರ್ಸ್‌ಗೆ ಫೋನ್ ಮಾಡಿ. ಚೀಲವನ್ನು ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಅದ್ದಿ ಬೆಚ್ಚಗಾಗಿಸುವುದು ಸುಲಭವೆನ್ನಿಸೀತು, ಆದರೆ ಆ ತೇವದೊಂದಿಗೇ ರೋಗಾಣುಗಳು ಜೋಡಣೆಯ ತುದಿಗೆ ತಲುಪಬಹುದು. ಹೀಟಿಂಗ್ ಪ್ಯಾಡ್‌ನಂಥ ಒಣ ಶಾಖವನ್ನೇ ಬಳಸಿ.

ದ್ರವ ನಿಧಾನವಾಗಲು ಬಹಳ ಸಲ ಮಲಬದ್ಧತೆಯೇ ಕಾರಣ. ತುಂಬಿದ ಕರುಳು ನಳಿಕೆಯನ್ನು ಒತ್ತುತ್ತದೆ, ಪಕ್ಕಕ್ಕೂ ಸರಿಸುತ್ತದೆ. ಮೊದಲು ನಳಿಕೆ ಎಲ್ಲಾದರೂ ಮಡಿಚಿದೆಯೇ, ಹೊರಚೀಲ ಹೊಟ್ಟೆಗಿಂತ ಕೆಳಗಿದೆಯೇ ನೋಡಿ. ನಿಮ್ಮ ಪತಿಗೆ ಮಗ್ಗುಲು ಬದಲಿಸಲು, ನಾಲ್ಕು ಹೆಜ್ಜೆ ಓಡಾಡಲು ಹೇಳಿ. ಮಲ ಸಡಿಲಿಸುವ ಔಷಧಿಯನ್ನು ಮಾತ್ರ ವೈದ್ಯರನ್ನು ಕೇಳಿಯೇ ಕೊಡಿ. ದ್ರವದಲ್ಲಿ ಬಿಳಿ ಎಳೆಗಳು ಕಂಡರೆ ಅದು ಫೈಬ್ರಿನ್ (ರಕ್ತ ಹೆಪ್ಪುಗಟ್ಟುವಾಗ ಎಳೆಯಾಗುವ ಪ್ರೋಟೀನ್) ಇರಬಹುದು, ಅದನ್ನೂ ತಿಳಿಸಿ.

ಊಟದ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಈ ವಿಧಾನದಲ್ಲಿ ಪ್ರೋಟೀನ್ ದಿನವೂ ದ್ರವದೊಡನೆ ಹೊರಹೋಗುವುದರಿಂದ, ಡಯಾಲಿಸಿಸ್‌ಗೆ ಮುಂಚೆ ಹೇಳಿದ್ದ 'ಬೇಳೆ ಕಡಿಮೆ ಮಾಡಿ' ಎಂಬ ಪಥ್ಯವನ್ನೇ ಮುಂದುವರಿಸುತ್ತಿದ್ದರೆ ಆಹಾರ ತಜ್ಞರನ್ನು ಮತ್ತೊಮ್ಮೆ ಕಾಣಿ.

ಹೊರಬಂದ ದ್ರವ ತಿಳಿಹಳದಿಯಾಗಿರಬೇಕು. ಚೀಲವನ್ನು ಪತ್ರಿಕೆಯ ಮೇಲಿಟ್ಟಾಗ ಅಕ್ಷರಗಳು ಮಸುಕಾಗಿ ಕಂಡರೆ ಅದು ಹೊಟ್ಟೆಯೊಳಗಿನ ಸೋಂಕಿನ ಸೂಚನೆಯಾಗಿರಬಹುದು; ಜ್ವರ ಬರಲೆಂದು ಕಾಯದೆ, ಹೊಟ್ಟೆ ನೋಯದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಆ ಚೀಲವನ್ನು ಚೆಲ್ಲದೆ ಜೊತೆಗೇ ಒಯ್ಯಿರಿ. ಪರೀಕ್ಷೆ ನಡೆಯುವುದು ಅದರ ಮೇಲೆಯೇ.