ತಲೆಬುರುಡೆಯ ದೀಪ ಹಿಡಿದ ಹುಡುಗಿ

ಪ್ರಶ್ನೆ: ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ರಷ್ಯನ್ ಕಥೆಯೊಂದರ ಸಚಿತ್ರ ಇಂಗ್ಲಿಷ್ ಅನುವಾದ ಸಿಕ್ಕಿತು. ಮೊದಲ ಹಾಳೆಗಳಿಲ್ಲ. ಒಂದು ಚಿತ್ರದಲ್ಲಿ ಹುಡುಗಿಯೊಬ್ಬಳು ಕಣ್ಣು ಉರಿಯುವ ತಲೆಬುರುಡೆಯನ್ನು ಕೋಲಿಗೆ ಸಿಕ್ಕಿಸಿ ಕಾಡಿನಲ್ಲಿ ನಡೆಯುತ್ತಿದ್ದಾಳೆ. ಇದು ಯಾವ ಕಥೆ? ಆರು ವರ್ಷದ ಮಗಳಿಗೆ ಓದಿ ಹೇಳಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮಗೆ ಸಿಕ್ಕಿರುವುದು ‘ಚೆಲುವೆ ವಸಿಲೀಸಾ’. ನನ್ನ ಪ್ರತಿಯನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡೇ ಬರೆಯುತ್ತಿದ್ದೇನೆ. 1855ರಿಂದ 1863ರ ನಡುವೆ ಅಲೆಕ್ಸಾಂಡರ್ ಅಫನಾಸ್ಯೆವ್ ಪ್ರಕಟಿಸಿದ ಜನಪದ ಕಥೆಗಳಲ್ಲಿ ಇದೂ ಒಂದು. ನೀವು ಹೇಳಿದ ಚಿತ್ರ ಇವಾನ್ ಬಿಲಿಬಿನ್ ಅವರದೇ ಇರಬೇಕು. ದಪ್ಪ ಕಪ್ಪು ಗೆರೆಯೊಳಗೆ ಮಂದ ಬಣ್ಣ, ಸುತ್ತ ಕಸೂತಿಯಂಥ ಅಂಚು ಇದ್ದರೆ ಅನುಮಾನವೇ ಬೇಡ. ಲೆನಿನ್‌ಗ್ರಾದ್ ಮುತ್ತಿಗೆಯಲ್ಲಿ, 1942ರಲ್ಲಿ, ಆ ಕಲಾವಿದ ತೀರಿಕೊಂಡರು ಎಂಬುದು ನೆನಪಾದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಮೂವರು ಕುದುರೆ ಸವಾರರ ಚಿತ್ರಗಳು ಉಳಿದಿವೆಯೇ ನೋಡಿ. ಬಿಳಿಯವನು ಹಗಲು, ಕೆಂಪಿನವನು ಸೂರ್ಯ, ಕಪ್ಪಿನವನು ರಾತ್ರಿ. ಮೂವರೂ ಬಾಬಾ ಯಾಗಾ ಎಂಬ ಮುದುಕಿಯ ಆಳುಗಳು. ಅವಳು ಒರಳಿನಲ್ಲಿ ಕುಳಿತು, ಒನಕೆಯಿಂದ ಮುಂದೂಡುತ್ತ, ಹಿಂದಿನ ಜಾಡನ್ನು ಪೊರಕೆಯಿಂದ ಗುಡಿಸುತ್ತ ಬರುತ್ತಾಳೆ. ಒರಳು, ಒನಕೆ, ಪೊರಕೆ: ನಮ್ಮ ಅಜ್ಜಿಯರ ಮನೆಯ ಸಾಮಾನುಗಳೇ!

ಮಗಳಿಗೆ ಖಂಡಿತ ಓದಿ. ಆ ಬುರುಡೆಯ ಬೆಂಕಿ ಕೊನೆಯಲ್ಲಿ ಮಲತಾಯಿಯನ್ನೂ ಅವಳ ಮಕ್ಕಳನ್ನೂ ಸುಟ್ಟುಬಿಡುತ್ತದೆ. ಆ ಭಾಗವನ್ನು ರಾತ್ರಿ ಮಲಗುವ ಹೊತ್ತಿಗೆ ಬೇಡ, ಹಗಲಿನಲ್ಲಿ, ಮಡಿಲಲ್ಲಿ ಕೂರಿಸಿಕೊಂಡು ಓದಿ. ಸಾಯುವ ತಾಯಿ ಕೊಟ್ಟ ಪುಟ್ಟ ಗೊಂಬೆಗೆ ವಸಿಲೀಸಾ ತನ್ನ ಊಟದಲ್ಲೇ ತುತ್ತು ಉಳಿಸಿಡುವ ಕಡೆ ಮಾತ್ರ ಅವಸರ ಮಾಡಬೇಡಿ.