ಅಮೆರಿಕದ ಮಿನಿಯಾಪೊಲಿಸ್ ಚಳಿಯಲ್ಲಿ ಬದನೆ, ಮೆಣಸಿನಕಾಯಿ ಬೀಜ ಮನೆಯೊಳಗೆ ಯಾವಾಗ ಹಾಕಬೇಕು?

ಮಾರ್ಚ್ ಮಧ್ಯಕ್ಕೆ ಹಾಕಿಬಿಡಿ. ಅಲ್ಲಿ ಮೇ ಮಧ್ಯದವರೆಗೂ ರಾತ್ರಿ ಫ್ರಾಸ್ಟ್ (ಗಿಡ ಸುಡುವ ಹೆಪ್ಪುಗಟ್ಟಿದ ಇಬ್ಬನಿ) ಬೀಳುವ ಭಯ ಇದ್ದೇ ಇರುತ್ತದೆ. ಬದನೆ, ಮೆಣಸಿನ ಸಸಿ ನೆಲಕ್ಕೆ ಹೋಗುವುದು ಮೇ ಕೊನೆಗೆ. ಅದಕ್ಕೆ 8–10 ವಾರ ಮೊದಲೇ ಬೀಜ ಬಿದ್ದಿರಬೇಕು. ಟೊಮೆಟೊ, ಚೆಂಡು ಹೂವಿಗೆ ಏಪ್ರಿಲ್ ಮೊದಲ ವಾರ ಸಾಕು. ಹುರುಳಿಕಾಯಿಯನ್ನು ನೇರ ನೆಲಕ್ಕೇ ಹಾಕಿ.

ಮೊಳಕೆಗೆ 25–30 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಟ್ರೇ ಕೆಳಗೆ ಹಾಸುವ ಹೀಟ್ ಮ್ಯಾಟ್ (ಬಿಸಿಯಾಗುವ ಚಾಪೆ) ಇದ್ದರೆ ಒಳ್ಳೆಯದು. ಆಮೇಲಿನ ನಿಜವಾದ ತೊಂದರೆ ಬೆಳಕಿನದು. ಬರೀ ಕಿಟಕಿಯನ್ನು ನಂಬಿದರೆ ಸಸಿ ನೂಲಿನಂತೆ ಎಳೆದುಕೊಂಡು, ಬಿಳಿಚಿ, ಗಾಜಿನ ಕಡೆಗೇ ವಾಲುತ್ತದೆ. ಗಿಡ ಬೆಳೆಸಲೆಂದೇ ಮಾರುವ ದುಬಾರಿ ಗ್ರೋ ಲೈಟ್ ಬೇಕಿಲ್ಲ. ಮಾಮೂಲಿ ಎಲ್‌ಇಡಿ ಟ್ಯೂಬನ್ನು ಎಲೆಗಿಂತ 3–4 ಇಂಚು ಮೇಲೆ ತೂಗುಹಾಕಿ, ದಿನಕ್ಕೆ 14–16 ಗಂಟೆ ಉರಿಸಿ. ಸಸಿ ಎದ್ದಂತೆ ದೀಪವನ್ನೂ ಎತ್ತುತ್ತಾ ಹೋಗಿ. ನೀರು ಹೆಚ್ಚಾದರೆ ಬುಡ ಕೊಳೆತು ಸಸಿ ಮಲಗಿಬಿಡುತ್ತದೆ, ಹಾಗಾಗಿ ಟ್ರೇಯ ತಳದಿಂದ ಕುಡಿಸಿ, ಉಳಿದದ್ದನ್ನು ಚೆಲ್ಲಿ.

ನೆಡುವ ಮುಂಚೆ 7–10 ದಿನ ಹೊರಗೆ ರೂಢಿ ಮಾಡಿಸುವುದನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ. ಮೊದಲ ದಿನ ನೆರಳಲ್ಲಿ ಒಂದು ಗಂಟೆ, ಮರುದಿನ ಎರಡು, ಹೀಗೆ. ಒಳಗೆ ಬೆಳೆದ ಎಲೆ ನೇರ ಬಿಸಿಲಿಗೆ ಒಂದೇ ಮಧ್ಯಾಹ್ನದಲ್ಲಿ ಬೆಳ್ಳಗೆ ಸುಟ್ಟುಹೋಗುತ್ತದೆ. ರಾತ್ರಿಯೂ 13 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನೆಡಿ.